ಮಾಯಬಾರದ ಗಾಯ

ಮಲಾಡಿನ ಕಣ್ಣಿನ ಡಾಕ್ಟರರ ಕೋಣೆಯಲ್ಲಿ ಅಂದು ನಾವು ನಾಲ್ವರಿದ್ದೆವು: ಹುಬ್ಬಳ್ಳಿ ಕಡೆಯ ಡಾಕ್ಟರಮ್ಮ, ನಾನು, ನನ್ನ ಹೆಂಡತಿ ಶಾರದೆ, ಮತ್ತು ಯಾರೂ ಕರೆಯದಿದ್ದರೂ ಎಲ್ಲರ ಆಸ್ಪತ್ರೆಗೂ ಬರುವ ಅವಳ ಅಣ್ಣ ಸುಧಾಕರ. ನನ್ನ ಎಡಗಣ್ಣಿನ ನೋಟವನ್ನು, ಕಣ್ಣಿನೊಳಗೆ ಒತ್ತಡ ಏರುವ ಗ್ಲಾಕೋಮಾ ಆಗಲೇ ಅರ್ಧ ತಿಂದುಹಾಕಿತ್ತು. ಹೋದದ್ದು ಬರುವುದಿಲ್ಲ, ಇದ್ದದ್ದು ಉಳಿಯಬೇಕಾದರೆ ಆಪರೇಶನ್ ಆಗಲೇಬೇಕಿತ್ತು.

ನನಗೊಂದು ಜಂಭವಿದೆ, ಒಪ್ಪಿಕೊಂಡುಬಿಡುತ್ತೇನೆ. ಅಂಧೇರಿಯ ಹೋಟೆಲಿನ ಅಡುಗೆಮನೆಯಲ್ಲಿ ಮೂವತ್ತು ವರ್ಷ ಈರುಳ್ಳಿ ಹೆಚ್ಚಿದವನು ನಾನು. ಬೆರಳು ಕುಯ್ದುಕೊಂಡರೆ ಮೂರನೇ ದಿನಕ್ಕೆ ಗುರುತೂ ಉಳಿಯುತ್ತಿರಲಿಲ್ಲ. ಉಳಿದ ಭಟ್ಟರೆಲ್ಲ ಬೆರಳಿಗೆ ಬಟ್ಟೆ ಸುತ್ತಿಕೊಂಡು ವಾರಗಟ್ಟಲೆ ರಜೆ ಹೊಡೆಯುವಾಗ ನನಗೆ ಮಾತ್ರ ರಜೆ ಕೇಳಲು ಗಾಯವೇ ಇರುತ್ತಿರಲಿಲ್ಲ. ಹೀಗಾಗಿ ಎದೆಯುಬ್ಬಿಸಿ ಹೇಳಿದೆ: "ನಂಗೆ ಗಾಯ ಮಾಯುದು ಭಾರೀ ಬೇಗ ಡಾಕ್ಟ್ರೆ."

ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು. "ಅದ ನೋಡ್ರಿ ತ್ರಾಸು!" ಕಣ್ಣಿನೊಳಗಿನ ನೀರು ಹೊರಹೋಗಲು ಅವರೊಂದು ಸಣ್ಣ ದಾರಿ ಮಾಡುತ್ತಾರಂತೆ. ದೇಹಕ್ಕೆ ಅದೂ ಒಂದು ಗಾಯವೇ. ಮಾದು ಮುಚ್ಚಿಕೊಂಡರೆ ಒತ್ತಡ ಮತ್ತೆ ಏರಿ ಇದ್ದ ನೋಟವೂ ಹೋಗುತ್ತದೆ. ಮಾಯದಂತೆ ತಡೆಯಲು ಎರಡು ಮದ್ದುಗಳಿವೆ. ಮೈಟೊಮೈಸಿನ್ ಜೋರಿನದು, ಆಪರೇಶನ್ ನಡುವೆ ಸ್ಪಂಜಿನಲ್ಲಿ ಅದ್ದಿ ಕೆಲವು ನಿಮಿಷ ಇಟ್ಟು ತೊಳೆದುಬಿಡುವುದು. ಅತಿಯಾದರೆ ಮೇಲಿನ ಪೊರೆ ತೆಳುವಾಗಿ ಸೋರಬಹುದು. ಫೈವ್ ಎಫ್‌ಯು ತುಸು ಸೌಮ್ಯ, ಆದರೆ ಆಮೇಲೂ ಮತ್ತೆ ಮತ್ತೆ ಬಂದು ಕಣ್ಣಿನ ಪಕ್ಕ ಸೂಜಿ ಹಾಕಿಸಿಕೊಳ್ಳಬೇಕಾದೀತು.

ಸುಧಾಕರನೂ ಹೋಟೆಲಿನವನೇ. "ಗೊತ್ತಾಯ್ತು ಭಾವ, ಒಂದು ಗುಂಟೂರು ಮೆಣಸು, ಒಂದು ಬ್ಯಾಡಗಿ. ಅರ್ಧರ್ಧ ಹಾಕಿದ್ರೆ ಹೇಗೆ ಡಾಕ್ಟ್ರೆ?"

"ಇದು ಕಣ್ಣರೀ, ಸಾಂಬಾರಲ್ಲ. ಇವರಂಥಾ ಗಟ್ಟಿ ಮೈಗೆ ಜೋರಿನ ಮದ್ದ ಬೇಕು," ಎಂದರು ಡಾಕ್ಟರಮ್ಮ. ಸೂಜಿಯ ಮಾತು ಬಂದಾಗಲೇ ನನಗೂ ಮೈಟೊಮೈಸಿನ್ ಮೇಲೆ ಅಪಾರ ವೈಜ್ಞಾನಿಕ ನಂಬಿಕೆ ಹುಟ್ಟಿಬಿಟ್ಟಿತ್ತು.

ಶಾರದೆಯ ಮುಖ ಮಾತ್ರ ಬಿಳಿಚಿತ್ತು. "ಇವರ ಗಾಯ ಬೇಗ ಮಾಯಲಿ ಅಂತ ನಾನು ನಿನ್ನೆಯೇ ಊರಿನ ಅಮ್ಮನಿಗೆ ರೇಷ್ಮೆ ಸೀರೆಯ ಹರಕೆ ಹೇಳಿ ಆಯ್ತಲ್ಲ ಮಾರಾಯ್ರೆ!"

ಮಲಾಡ್ ಸ್ಟೇಷನ್ನಿಗೆ ಬಂದೆವು. ಚರ್ಚ್‌ಗೇಟ್ ಕಡೆಯ ಪ್ಲಾಟ್‌ಫಾರ್ಮಿನಲ್ಲಿ ನಿಂತು, ಊರಿರುವ ದಕ್ಷಿಣಕ್ಕೆ ಮುಖ ಮಾಡಿ ಅವಳು ಕೈಮುಗಿದಳು: "ಅಮ್ಮಾ, ನಿನ್ನೆ ಹೇಳಿದ್ದು ಬಿಟ್ಟುಬಿಡು. ಇವರ ಗಾಯ ಮಾಯುದು ಬೇಡ. ಸೀರೆ ಮಾತ್ರ ಅದೇ, ರೇಷ್ಮೆಯದ್ದೇ." ಪಕ್ಕದಲ್ಲಿದ್ದ ಕನ್ನಡದ ಹೆಂಗಸೊಬ್ಬರು ನನ್ನನ್ನು ಮರುಕದಿಂದ ನೋಡಿದರು.

ಆಪರೇಶನ್ ಆಯಿತು. ಮೂರು ತಿಂಗಳಾದರೂ ದಾರಿ ತೆರೆದೇ ಇತ್ತು, ಒತ್ತಡ ಇಳಿದೇ ಇತ್ತು. "ಮದ್ದು ಛಲೋ ಕೆಲಸ ಮಾಡೇತ್ರಿ," ಎಂದರು ಡಾಕ್ಟರಮ್ಮ. ಶಾರದೆ ನಕ್ಕಳು.

ಆ ಖುಷಿಯಲ್ಲಿ ಮನೆಯಲ್ಲಿ ಸೌತೆಕಾಯಿ ಹೆಚ್ಚಲು ಕೂತು ಬೆರಳು ಕುಯ್ದುಕೊಂಡೆ. "ಮೂರು ದಿನ, ನೋಡ್ತಾ ಇರು," ಎಂದೆ. ಮೂರು ವಾರವಾಯಿತು. ಬೆರಳಿನ ಬಟ್ಟೆ ಬಿಚ್ಚುವಂತಿರಲಿಲ್ಲ.

"ಶಾರದೆ," ಕೇಳಿದೆ, "ಹರಕೆ ಹೇಳುವಾಗ ಕಣ್ಣಿನ ಗಾಯ ಅಂತ ಹೇಳಿದ್ದೆಯಾ, ಬರೀ ಗಾಯ ಅಂತಲಾ?"

ಮರುದಿನ ಬೆಳಿಗ್ಗೆ ಅವಳು ಲೋಕಲ್ ಹಿಡಿದು ಮಲಾಡಿಗೆ ಹೋಗಿ, ಅದೇ ಪ್ಲಾಟ್‌ಫಾರ್ಮಿನಲ್ಲಿ ನಿಂತು ಕೈಮುಗಿದು ಬಂದಳು.