ಗುಹೆಯೊಳಗೆ ಮೇಷ್ಟ್ರ ಬ್ರೇಕು

"ಹೆದರಿಕೆ ಅನ್ನೋದು ನನ್ನ ಜಾಯಮಾನದಲ್ಲೇ ಇಲ್ಲ!" ಎಂದು ಡ್ರೈವಿಂಗ್ ಸ್ಕೂಲ್ ಮೇಷ್ಟ್ರು ಗುಹೆಯ ಬಾಗಿಲಲ್ಲೇ ಘೋಷಿಸಿಬಿಟ್ಟರು. ದಿನಬೆಳಗಾದರೆ ಸ್ಟೀರಿಂಗ್ ಹಿಡಿಯಲು ಬಾರದವರ ಪಕ್ಕ ಕೂತು, ಎದುರಿಗೆ ಲಾರಿ ಬಂದಾಗ ತಮ್ಮ ಕಾಲಡಿಯ ಇನ್ನೊಂದು ಬ್ರೇಕು ಒತ್ತಿ ಜೀವ ಉಳಿಸಿಕೊಂಡು ಬರುವ ಮಹಾಶಯರು ಅವರು. ಊರಿಗೆಲ್ಲ ಕಾರು ಕಲಿಸಿದವರು ಹೆಂಡತಿಗೆ ಮಾತ್ರ ಕಲಿಸಿರಲಿಲ್ಲ. "ನೀನು ಪುಕ್ಕಲಿ, ನಿನ್ನ ಕೈಲಾಗಲ್ಲ" ಎನ್ನುತ್ತಿದ್ದರು.

"ಸರಿ, ಒಳಗೆ ಯಾರು ಮೊದಲು ಹೆದರ್ತಾರೆ ನೋಡೋಣ" ಅಂದಳು ಹೆಂಡತಿ. "ನೀವಾದರೆ, ನಾಳೆಯಿಂದಲೇ ನಾನು ಕಾರು ಕಲೀತೀನಿ."

"ಕೊಟ್ಟೆ ಮಾತು!"

ಸುಣ್ಣದಕಲ್ಲಿನ ಗುಹೆ. ಟಾರ್ಚ್ ಹಿಡಿದ ಗೈಡ್ ಮುಂದೆ, ಅವನ ಬೆನ್ನಿಗಂಟಿಕೊಂಡು ಮೇಷ್ಟ್ರು, ಹಿಂದೆ ಹೆಂಡತಿ, ಅವಳ ಹಿಂದೆ ಉಳಿದ ಪ್ರವಾಸಿಗರು. ಮೇಲಿಂದ ಕಲ್ಲಿನ ಗೊಂಚಲುಗಳು ಇಳಿಬಿದ್ದು ತೊಟತೊಟ ನೀರು ಸುರಿಸುತ್ತಿದ್ದವು. ಒಂದು ಹನಿ ತಣ್ಣಗೆ ಕುತ್ತಿಗೆಯೊಳಕ್ಕೆ ಜಾರಿದ್ದೇ ತಡ, ಮೇಷ್ಟ್ರ ಎದೆ ಧಸಕ್ಕೆಂದಿತು. ದಾರಿ ಕಿರಿದಾಯಿತು, ಚಾವಣಿ ತಲೆಗೆ ತಾಗುವಷ್ಟು ತಗ್ಗಿತು. ಇಷ್ಟು ದೊಡ್ಡ ಗುಡ್ಡ ನನ್ನ ನೆತ್ತಿ ಮೇಲೇ ಕೂತಿದೆಯಲ್ಲ, ಇದು ಒಂಚೂರು ಮಿಸುಕಿದರೆ ಗತಿಯೇನು? ಎಂದುಕೊಳ್ಳುತ್ತ ಅವರು ಗೈಡ್‌ಗೆ ಇನ್ನಷ್ಟು ಒತ್ತಿಕೊಂಡರು.

"ಯಾಕ್ರೀ ಹಾಗೆ ಏದುಸಿರು ಬಿಡ್ತಿದ್ದೀರಿ?"

"ನೆಗಡಿ ಕಣೇ."

ಗೈಡ್ ನಿಂತ. "ನಿಜವಾದ ಕತ್ತಲು ಹೇಗಿರುತ್ತೆ ತೋರಿಸ್ತೀನಿ" ಎಂದು ದಾರಿಬದಿಯ ಕಂಬಿಯ ಪಕ್ಕದ ಸ್ವಿಚ್ ಒತ್ತಿ ಗುಹೆಯ ದೀಪಗಳನ್ನು ಆರಿಸಿ, ಟಾರ್ಚನ್ನೂ ಆರಿಸಿದ.

ಕಣ್ಣು ಮುಚ್ಚಿದರೂ ಅದೇ, ತೆರೆದರೂ ಅದೇ. ಮೇಷ್ಟ್ರಿಗೆ ತಮ್ಮ ಕೈ ಎಲ್ಲಿದೆಯೆಂದೇ ತಿಳಿಯಲಿಲ್ಲ. ಅಷ್ಟರಲ್ಲಿ ಕಿವಿಯ ಪಕ್ಕ ಏನೋ ಪಟಪಟ ರೆಕ್ಕೆ ಬಡಿದು ಹೋಯಿತು. ಇಷ್ಟು ವರ್ಷ ಕೆಲಸದಲ್ಲಿ ಪಳಗಿದ ಅವರ ಬಲಗಾಲು ಯಾರ ಅಪ್ಪಣೆಗೂ ಕಾಯದೆ ಬ್ರೇಕು ಹುಡುಕಿ ಒತ್ತಿಯೇಬಿಟ್ಟಿತು. ಅಲ್ಲಿದ್ದದ್ದು ಗೈಡ್‌ನ ಪಾದ.

"ಅಯ್ಯೋ, ಸತ್ತೆ!" ಎಂದ ಗೈಡ್. ಟಾರ್ಚ್ ಕೈಜಾರಿ, ಉರುಳಿ, ಕೆಳಗೆಲ್ಲೋ ನೀರಿಗೆ ಗುಳುಂ ಎಂದು ಬಿತ್ತು.

"ಬ್ರೇಕ್ ಹಿಡೀತಿಲ್ಲ!" ಎಂದು ಕಿರುಚಿದ ಮೇಷ್ಟ್ರು ಇನ್ನೂ ಬಲವಾಗಿ ಒತ್ತಿದರು. ಹಿಂದಿನವರು ಗಾಬರಿಬಿದ್ದು ಒಬ್ಬರ ಮೇಲೊಬ್ಬರು ನುಗ್ಗಿದರು. ಮಗುವೊಂದು ಅಳತೊಡಗಿತು. ಇಲ್ಲೇ ನಮ್ಮೆಲ್ಲರ ಕಥೆ ಮುಗಿಯಿತು ಎಂದುಕೊಂಡ ಮೇಷ್ಟ್ರು ಕೈಗೆ ಸಿಕ್ಕಿದ್ದನ್ನು ತಬ್ಬಿ ಹಿಡಿದರು.

"ಯಾರೂ ಅಲ್ಲಾಡಬೇಡಿ" ಎಂಬ ದನಿ ಕೇಳಿತು. ಹೆಂಡತಿಯದು. "ಸ್ವಿಚ್ ಎಲ್ಲಿದೆ ಅಂತ ನೋಡಿಟ್ಟುಕೊಂಡಿದ್ದೀನಿ." ಕಂಬಿ ಹಿಡಿದು ತಡವರಿಸುತ್ತ ಹೋಗಿ ಅವಳು ದೀಪ ಹಾಕಿದಳು.

ಮೇಷ್ಟ್ರು ಗೈಡ್‌ನ ಸೊಂಟ ತಬ್ಬಿಕೊಂಡು, ಕಣ್ಣು ಬಿಗಿಯಾಗಿ ಮುಚ್ಚಿ ನಿಂತಿದ್ದರು.

"ಸಾರ್, ಇನ್ನಾದರೂ ನನ್ನ ಕಾಲು ಬಿಡಿ" ಅಂದ ಅವನು ಅಳುದನಿಯಲ್ಲಿ.

ಹೊರಗೆ ಬಂದು ಮೆಟ್ಟಿಲ ಮೇಲೆ ಕೂತ ಮೇಷ್ಟ್ರು ಅಂಗಿಯ ಧೂಳು ಕೊಡವಿಕೊಂಡರು. ಗಂಟಲು ಸರಿಮಾಡಿಕೊಂಡು, "ಮಾತು ಅಂದರೆ ಮಾತು. ನಾಳೆ ಬೆಳಿಗ್ಗೆಯೇ ನಿಂಗೆ ಕಾರು ಕಲಿಸ್ತೀನಿ" ಅಂದರು.

"ಕಲಿಯೋದೇನೋ ಕಲೀತೀನಿ. ಆದರೆ ನಿಮ್ಮ ಹತ್ತಿರ ಬೇಡ, ಎದುರು ಬೀದಿಯ ಸ್ಕೂಲಿಗೆ ಸೇರ್ತೀನಿ" ಅಂದಳು ಹೆಂಡತಿ, ಅವರಿಗೆ ನೀರಿನ ಬಾಟಲಿ ಕೊಡುತ್ತ. "ಪಕ್ಕದಲ್ಲಿ ಕೂರೋರಿಗಾದರೂ ಸ್ವಲ್ಪ ಧೈರ್ಯ ಬೇಡ್ವೇನ್ರೀ?"