ಜರ್ಮನಿಗೆ ಹೊರಟವಳ ಮುದ್ದೆಯ ತುತ್ತು

ಮಕ್ಕಳನ್ನು ನೋಡಿಕೊಳ್ಳುವ ವಿದ್ಯೆ ನನಗೆ ಹುಟ್ಟಿನಿಂದಲೇ ಬಂದಿದೆ ಎಂದು ನಾನು ಪೂರ್ತಿಯಾಗಿ ನಂಬಿದ್ದೆ. ಹಾಗಾಗಿ ಜರ್ಮನಿಯ ಒಂದು ಮನೆಯಲ್ಲಿ ಒಂದು ವರ್ಷ ಆಪೇರ್ ಆಗಿ ಇದ್ದು ಬರುತ್ತೇನೆಂದು ಹೊರಟಾಗ ಯಾವ ಅಳುಕೂ ಇರಲಿಲ್ಲ. ಆಪೇರ್ ಎಂದರೆ ಅವರ ಮನೆಯಲ್ಲಿ ಮನೆಯವಳ ಹಾಗೆ ಇರುವುದು, ಮಕ್ಕಳನ್ನು ನೋಡಿಕೊಳ್ಳುವುದು, ಉಳಿದ ಹೊತ್ತಿನಲ್ಲಿ ಅವರ ಭಾಷೆ ಕಲಿಯುವುದು. ಒಂದೇ ತೊಡಕು, ಇಪ್ಪತ್ತೇಳು ತುಂಬುವುದರೊಳಗೆ ವೀಸಾಗೆ ಅರ್ಜಿ ಹಾಕಬೇಕು. ನನಗೆ ಅಷ್ಟು ತುಂಬಲು ಐದೇ ತಿಂಗಳು ಉಳಿದಿತ್ತು.

ಹೊಸೂರಿನ ನಮ್ಮ ಬಾಡಿಗೆ ಮನೆಯ ಕಿಟಕಿಯಿಂದ ಕಾಣುವುದು ಅಪ್ಪ ಕೆಲಸ ಮಾಡುವ ಕಾರ್ಖಾನೆಯ ತಗಡಿನ ಚಾವಣಿ. ಬೆಳಗಿನ ಮಂಜಿನಲ್ಲಿ ಕಣ್ಣು ಅರೆಮುಚ್ಚಿ ನೋಡಿದರೆ ಅದು ಹಿಮ ಬಿದ್ದ ಬೆಟ್ಟವೇ. ಅದರ ಬುಡದಲ್ಲಿ ನಾನು ಕೆಂಪು ಕೋಟು ತೊಟ್ಟು, ಪುಟ್ಟ ಮಗುವೊಂದರ ಕೈ ಹಿಡಿದು ನಡೆಯುತ್ತಿದ್ದೆ. ಮಗು ಜರ್ಮನ್ ಭಾಷೆಯಲ್ಲಿ ಏನೋ ಕೇಳುತ್ತಿತ್ತು, ನಾನು ಬಹಳ ಜಾಣತನದಿಂದ ಉತ್ತರ ಹೇಳುತ್ತಿದ್ದೆ. ಅಷ್ಟರಲ್ಲಿ ಶಿಫ್ಟಿನ ಸೈರನ್ ಕೂಗಿ ಹಿಮವೆಲ್ಲ ಕರಗಿಹೋಗುತ್ತಿತ್ತು. ಪರವಾಗಿಲ್ಲ, ಮರುದಿನ ಮತ್ತೆ ಬೀಳುತ್ತಿತ್ತು.

ಅಲ್ಲಿನ ಕುಟುಂಬಗಳಿಗೆ ಕಳಿಸುವ ಅರ್ಜಿಯನ್ನು ಇದೇ ಗುಂಗಿನಲ್ಲಿ ತುಂಬಿದೆ. ಅನುಭವ: ಕೃಷ್ಣಗಿರಿಯ ಅತ್ತೆಯ ಇಬ್ಬರು ಮಕ್ಕಳನ್ನು ಒಂದು ಬೇಸಿಗೆ ಪೂರ್ತಿ ನೋಡಿಕೊಂಡಿದ್ದೇನೆ. (ನಿಜ ಹೇಳಬೇಕೆಂದರೆ, ಅತ್ತೆ ನಮ್ಮ ಮೂವರನ್ನೂ ನೋಡಿಕೊಂಡಿದ್ದರು.) ಹವ್ಯಾಸ: ಈಜು. ಕೃಷ್ಣಗಿರಿ ಡ್ಯಾಮಿನ ಹತ್ತಿರ ಮೊಣಕಾಲುದ್ದ ನೀರಿಗೆ ಇಳಿದಿದ್ದೆ. ಅಡುಗೆ: ಬಲ್ಲೆ. ಸ್ವಭಾವ: ಸ್ವತಂತ್ರ, ಸ್ವಾವಲಂಬಿ. ಕೊನೆಯ ಪದವನ್ನು ಬರೆದ ಮೇಲೆ ನನಗೇ ನನ್ನ ಮೇಲೆ ಗೌರವ ಮೂಡಿ, ಅಮ್ಮನನ್ನು ಕೂಗಿ ಒಂದು ಲೋಟ ಕಾಫಿ ತರಿಸಿಕೊಂಡೆ.

ಒಂದು ಕುಟುಂಬ ಒಪ್ಪಿ, ಭಾನುವಾರ ವಿಡಿಯೋದಲ್ಲಿ ಮಾತಾಡೋಣ ಎಂದಿತು. ಅವರಿಗೆ ಅದು ಬೆಳಗಿನ ತಿಂಡಿಯ ಹೊತ್ತು. ನಮಗೆ ಮಧ್ಯಾಹ್ನ ಒಂದೂವರೆ, ಅಂದರೆ ಅಮ್ಮ ಮುದ್ದೆ ಕಟ್ಟುವ ಹೊತ್ತು. ನಾನು ರೂಮಿನಲ್ಲಿ ಅಕ್ಕಿ ಡಬ್ಬಕ್ಕೆ ಫೋನು ಒರಗಿಸಿಟ್ಟು, ಏನೇ ಆದರೂ ಒಳಗೆ ಬರಕೂಡದೆಂದು ಅಮ್ಮನಿಗೆ ಅಧಿಕೃತವಾಗಿ ತಿಳಿಸಿದೆ.

"ನಾನ್ಯಾಕ್ ಬರ್ಲಿ? ಒಂದ್ ಮುದ್ದೆ ಉಂಡ್ಬುಟ್ಟು ಕೂತ್ಕ. ಹೊಟ್ಟೆ ಖಾಲಿ ಇಟ್ಕೊಂಡು ಒಳ್ಳೆ ಕೆಲ್ಸಕ್ಕೆ ಕೂರ್ತಾರೇನೆ?"

ನಾನು ಉಣ್ಣಲಿಲ್ಲ. ಮಾಲೂರಿನ ಕಡೆಯಿಂದ ಬಂದ ನಮ್ಮ ಅಮ್ಮ, ಮಕ್ಕಳು ಉಣ್ಣದೆ ಕೂತದ್ದನ್ನು ಇದುವರೆಗೆ ಸುಮ್ಮನೆ ನೋಡಿದವಳಲ್ಲ. ಈ ಮಹತ್ವದ ಸಂಗತಿ ನನಗೆ ಆಗ ಹೊಳೆಯಲಿಲ್ಲ.

ಪರದೆಯಲ್ಲಿ ಜರ್ಮನಿ ತೆರೆದುಕೊಂಡಿತು. ಬಿಳಿ ಗೋಡೆ, ದೊಡ್ಡ ಕಿಟಕಿ, ಅದರಾಚೆ ಒಂದು ಮರ. ನನ್ನ ಕನಸಿನ ಮರವೇ! ಮೇಜಿನ ಮುಂದೆ ತಾಯಿ ಕೂತಿದ್ದರು, ಪಕ್ಕದಲ್ಲಿ ನಾಲ್ಕು ವರ್ಷದ ಯೋನಾಸ್. ಅವನು ತನ್ನ ಬ್ರೆಡ್ಡಿಗೆ ತಾನೇ ಬೆಣ್ಣೆ ಸವರಿಕೊಂಡ. ತಾನೇ ತಿಂದ. ಚೆಲ್ಲಿದ ಹಾಲನ್ನು ತಾನೇ ಬಟ್ಟೆ ತಂದು ಒರೆಸಿದ. ಇಂಥ ಮಗುವಿಗೆ ನಾನು ಏನು ಮಾಡಬೇಕೋ ತಿಳಿಯಲಿಲ್ಲ. ಅವನನ್ನು ನೋಡಿ ನಾನೇ ಏನಾದರೂ ಕಲಿಯಬಹುದಿತ್ತು.

ಊಟಕ್ಕೆ ಹಟ ಮಾಡುವ ಮಗುವನ್ನು ಹೇಗೆ ಸಂಭಾಳಿಸುತ್ತೀರಿ ಎಂದು ತಾಯಿ ಕೇಳಿದರು. ಈ ಪ್ರಶ್ನೆಗೆ ನಾನು ವಾರವಿಡೀ ಉತ್ತರ ಬಾಯಿಪಾಠ ಮಾಡಿದ್ದೆ. ಗಂಟಲು ಸರಿಮಾಡಿಕೊಂಡು, ಮಗುವಿಗೆ ಸ್ವಾವಲಂಬನೆ ಕಲಿಸಬೇಕು, ಕೈತುತ್ತು ಹಾಕಿ ಬೆಳೆಸಬಾರದು ಎಂದು ಶುರುಮಾಡಿದೆ.

ಆಗ ಪರದೆಯ ಬಲಗಡೆಯಿಂದ ಬಳೆ ತೊಟ್ಟ ಒಂದು ಕೈ ಬಂತು. ಕೈಯಲ್ಲಿ ಸೊಪ್ಪಿನ ಬಸ್ಸಾರಿಗೆ ಅದ್ದಿದ ಮುದ್ದೆಯ ತುತ್ತು!

ನಾನು ತಲೆ ಅಲ್ಲಾಡಿಸಬೇಕಿತ್ತು. ಆದರೆ ಇಪ್ಪತ್ತಾರು ವರ್ಷದ ಅಭ್ಯಾಸ. ಬಾಯಿ ತಾನಾಗಿ ತೆರೆಯಿತು, ಗುಳಕ್ಕನೆ ನುಂಗಿತು. ಜರ್ಮನಿ ಗಾಬರಿಯಾಯಿತು. ಅಗಿಯಲೇ ಇಲ್ಲವಲ್ಲ ಎಂದು ತಾಯಿ ಎದ್ದುನಿಂತರು. ಇದನ್ನು ಅಗಿಯುವ ಹಾಗಿಲ್ಲ, ಹಾಗೇ ನುಂಗಬೇಕು ಎಂದು ನಾನು ಅರೆಬರೆ ಜರ್ಮನ್‌ನಲ್ಲಿ ವಿವರಿಸಿದೆ. ಯೋನಾಸನಿಗೂ ಅದನ್ನೇ ಕೊಡುತ್ತೀರಾ ಎಂದು ಅವರು ಸಣ್ಣ ದನಿಯಲ್ಲಿ ಕೇಳಿದರು. ಉತ್ತರ ಹೇಳುವಷ್ಟರಲ್ಲಿ ಎರಡನೆಯ ತುತ್ತು ಬಂತು.

ಮೂರನೆಯದಕ್ಕೆ ಅಮ್ಮನ ಮುಖವೂ ಪರದೆಗೆ ಬಂತು. ಅವಳಿಗೆ ಯೋನಾಸ್ ಕಾಣಿಸಿದ.

"ಅಯ್ಯೋ ಕೂಸೇ, ಒಬ್ನೇ ತಿಂತಾ ಕೂತವ್ನಲ್ಲ. ಅವ್ರಮ್ಮ ಪಕ್ಕದಾಗೇ ಅವ್ಳೆ, ಒಂದ್ ತುತ್ತು ಇಕ್ಬಾರ್ದಾ? ಕೇಳು ಅವ್ಳನ್ನ."

ನಾನು ಕೇಳಲಿಲ್ಲ. ಅಮ್ಮ ತುತ್ತನ್ನು ಫೋನಿನ ಕಡೆಗೆ ಹಿಡಿದು "ಆ" ಎಂದಳು. ಅಷ್ಟು ದೂರದ ಯೋನಾಸ್ ಬಾಯಿ ತೆರೆದ. ಆಮೇಲೆ ನನ್ನನ್ನೇ ದಿಟ್ಟಿಸಿ ನೋಡಿ ತನ್ನ ತಾಯಿಯನ್ನು ಏನೋ ಕೇಳಿದ. ಅವರು ನಗು ತಡೆದುಕೊಂಡು ನನಗೆ ಅರ್ಥವಾಗುವಂತೆ ನಿಧಾನವಾಗಿ ಹೇಳಿದರು. ಆ ಅಕ್ಕನ ಕೈ ಮುರಿದಿದೆಯಾ ಎಂದು ಅವನು ಕೇಳಿದ್ದನಂತೆ.

ಮಂಗಳವಾರ ಇಮೇಲ್ ಬಂತು. ಬಹಳ ಮರ್ಯಾದೆಯಿಂದ ಬರೆದಿದ್ದರು. ತಮ್ಮ ಕೆಲಸ ತಾವೇ ಮಾಡಿಕೊಂಡು ರೂಢಿಯಿರುವವರು ಬೇಕಾಗಿದ್ದಾರೆ, ಕ್ಷಮಿಸಿ. ಕೊನೆಯಲ್ಲಿ, ಯೋನಾಸ್ ಆಗಿನಿಂದ ನಿಮ್ಮ ತಾಯಿಯವರನ್ನೇ ಕೇಳುತ್ತಿದ್ದಾನೆ ಎಂದಿತ್ತು.

ನನಗೆ ಅಳು ಬಂತು. ಅಮ್ಮನ ಮೇಲೆ ಕೂಗಾಡಿದೆ, ನೀನು ನನ್ನ ಜೀವನವನ್ನೇ ಮುದ್ದೆ ಮಾಡಿ ನುಂಗಿಸಿದೆ ಎಂದೆ. ಅವಳು ಸೆರಗಿಗೆ ಕೈ ಒರೆಸಿಕೊಂಡು, ಒರೆಸಿದ್ದನ್ನೇ ಮತ್ತೆ ಒರೆಸುತ್ತಾ ನಿಂತಳು.

"ಈ ಕೈ ಸುಮ್ನಿರಲ್ಲ ಕಣೆ. ನೀನ್ ಅಷ್ಟ್ ದೂರ ಹೋಗ್ಬುಟ್ರೆ ಆಮೇಲ್ ಯಾರಿಗ್ ಇಕ್ಲಿ ಅಂತ, ಇವಾಗ್ಲೇ ಇಕ್ಬುಟ್ಟೆ."

ಅಷ್ಟು ದಿನದ ನನ್ನ ಹಿಮದ ಬೆಟ್ಟದಲ್ಲಿ ಅಮ್ಮ ಎಲ್ಲೂ ಇರಲಿಲ್ಲ ಎಂಬುದು ಆಗ ನೆನಪಾಗಿ ನನಗೆ ನಾಚಿಕೆಯಾಯಿತು. ಕೂಗಾಟ ನಿಲ್ಲಿಸಿದೆ.

ಎರಡು ತಿಂಗಳ ನಂತರ ಇನ್ನೊಂದು ಕುಟುಂಬ ಸಿಕ್ಕಿತು. ಮತ್ತೆ ಭಾನುವಾರ, ಮತ್ತೆ ಅದೇ ಹೊತ್ತು. ಈ ಸಲ ಅಮ್ಮ ತಾನಾಗಿಯೇ, "ನಾನ್ ಮ್ಯಾಲಕ್ ಹೋಗಿರ್ತೀನಿ. ಮುಗಿದ್ ಮೇಲೆ ಕೂಗು" ಎಂದು ಮಹಡಿಯ ಸೆಲ್ವಿ ಅಕ್ಕನ ಮನೆಗೆ ಹೋದಳು. ಹೊರಗಿನಿಂದ ಚಿಲಕವನ್ನೂ ಹಾಕಿಕೊಂಡಳು. ತಟ್ಟೆಯಲ್ಲಿ ಮುದ್ದೆ ಮುಚ್ಚಿಟ್ಟಿತ್ತು. ನಾನೇ ತೆಗೆದುಕೊಂಡು ಉಣ್ಣಬೇಕಿತ್ತು. ಆಮೇಲೆ ಉಂಡರಾಯಿತೆಂದು ಕೂತೆ.

ಎಲ್ಲ ಪ್ರಶ್ನೆಗೂ ಚೆನ್ನಾಗಿ ಉತ್ತರಿಸಿದೆ. ನನ್ನ ಸ್ವಾವಲಂಬನೆಯ ಭಾಷಣವನ್ನು ಯಾರೂ ತಡೆಯಲಿಲ್ಲ. ಅದು ಮುಗಿದಾಗ ಆ ಮನೆಯ ತಾಯಿ, ನೀವು ಆಗಿನಿಂದ ಬಲಗಡೆಗೇ ನೋಡುತ್ತಿದ್ದೀರಿ, ಯಾರಾದರೂ ಬರುವವರಿದ್ದಾರೆಯೇ ಎಂದು ಕೇಳಿದರು.

ಯಾರೂ ಇಲ್ಲ ಎಂದೆ. ಆಗ ಪರದೆಯ ಮೂಲೆಯ ಸಣ್ಣ ಚೌಕದಲ್ಲಿ ನನ್ನ ಮುಖ ಕಂಡಿತು. ಬಾಯಿ ಅರ್ಧ ತೆರೆದೇ ಇತ್ತು.