ಎಸ್‌ಎಸ್‌ಡಿ ವೇಗದಲ್ಲಿ ಬಿಟ್ಟುಹೋದ ದೊಡ್ಡಪ್ಪ

ಕಂಪ್ಯೂಟರಿಗೆ ಎಸ್‌ಎಸ್‌ಡಿ ಎಂಬ ಹೊಸ ಬಗೆಯ ಡಿಸ್ಕ್ ಹಾಕಿಸುವುದು ಅಂಥ ಬ್ರಹ್ಮವಿದ್ಯೆಯೇನಲ್ಲ ಎಂದು ಘೋಷಿಸಿದವನು ನಾನೇ. ಜೀವಮಾನವೆಲ್ಲ ಗಣಿತ ಪಾಠ ಮಾಡಿ ನಿವೃತ್ತನಾದವನಿಗೆ ಒಂದು ಡಿಸ್ಕ್ ಆರಿಸಲು ಬಾರದೆ?

ಕಂಪ್ಯೂಟರ್ ನನ್ನದಲ್ಲ, ನನ್ನ ಹೆಂಡತಿ ಪಾರ್ವತಿಯದು. ಟಿ. ನರಸೀಪುರದಲ್ಲಿ ಅವಳದೊಂದು ಪುಟ್ಟ ಲಗ್ನಪತ್ರಿಕೆ ಅಂಗಡಿ ಇದೆ. ಹಳೇ ಹಾರ್ಡ್ ಡಿಸ್ಕಿನ ಆ ಯಂತ್ರ ಗುಂಡಿ ಒತ್ತಿದರೆ ಗೊರಗೊರ ಎನ್ನುತ್ತಾ ಏಳುವಷ್ಟರಲ್ಲಿ, ಬಂದ ಗಿರಾಕಿ ಟೀ ಕುಡಿದು ಮುಗಿಸಿರುತ್ತಿದ್ದ. ಅಷ್ಟು ಹೊತ್ತೂ ಪಾರ್ವತಿ ಹರಟುತ್ತಿದ್ದಳು. ಹುಡುಗಿಗೆ ಸೋದರಮಾವ ಎಷ್ಟು ಜನ, ಅಜ್ಜಿ ಇದ್ದಾರಾ, ಚಿಕ್ಕಪ್ಪ ಎಲ್ಲಿದ್ದಾರೆ ಎಂದೆಲ್ಲ. ನನಗದು ಕಾಲಹರಣದ ಪರಮಾವಧಿಯಾಗಿ ಕಾಣುತ್ತಿತ್ತು.

"ನನಗೇನೂ ಅವಸರ ಇಲ್ಲ ಕಣ್ರೀ," ಎಂದಳು.

"ನಿನಗಿಲ್ಲದಿದ್ದರೆ ದೇಶಕ್ಕಿದೆ!" ಎಂದೆ.

ಕೂಲಂಕಷ ಅಧ್ಯಯನ ಶುರುವಾಯಿತು. ಹಾರ್ಡ್ ಡಿಸ್ಕಿನೊಳಗೆ ಫೈಲುಗಳನ್ನು ಹೊತ್ತ ತಟ್ಟೆ ತಿರುಗಬೇಕು. ಎಸ್‌ಎಸ್‌ಡಿಯಲ್ಲಿ ತಿರುಗುವುದೇನೂ ಇಲ್ಲ, ಬರೀ ಚಿಪ್‌ಗಳು. ಅದರಲ್ಲೂ ಎರಡು ಬಗೆ. ಸಾಟಾ ಎಂಬುದು ಹಾರ್ಡ್ ಡಿಸ್ಕಿಗಿಂತ ಎಷ್ಟೋ ಚುರುಕು, ಬೆಲೆಯೂ ಹಿಡಿತದಲ್ಲಿದೆ. ಎನ್‌ವಿಎಂಇ ಎಂಬುದು ಸಾಟಾವನ್ನೂ ಹಲವು ಪಟ್ಟು ಮೀರಿಸುತ್ತದೆ, ಬೆಲೆ ಮಾತ್ರ ಸ್ವಲ್ಪವೇ ಹೆಚ್ಚು. ವೇಗವನ್ನು ಬೆಲೆಯಿಂದ ಭಾಗಿಸಿ ನೋಡಿದೆ. ಎನ್‌ವಿಎಂಇ ರ‍್ಯಾಂಕ್ ಪಡೆಯಿತು! ನಂಜನಗೂಡಿಗೆ ಬಸ್ ಹತ್ತಿ ಅದನ್ನೇ ತಂದೆ.

ಬಂದು ಕಂಪ್ಯೂಟರಿನ ಡಬ್ಬ ಬಿಚ್ಚಿದೆ. ಚೂಯಿಂಗ್ ಗಮ್ ಪಟ್ಟಿಯಂಥ ಡಿಸ್ಕ್ ಕೈಯಲ್ಲಿದೆ. ಅದು ಕೂರಬೇಕಾದ ಜಾಗ ನಮ್ಮ ಹಳೇ ಬೋರ್ಡಿನಲ್ಲಿ ಎಲ್ಲೂ ಇಲ್ಲ! ಟಾರ್ಚ್ ಬಿಟ್ಟು ಹುಡುಕಿದೆ. ಒಂದು ಸತ್ತ ಜಿರಲೆ ಸಿಕ್ಕಿತು.

"ಬೆಲೆ ನೋಡಿದ್ರಿ, ವೇಗ ನೋಡಿದ್ರಿ. ನಮ್ಮ ಕಂಪ್ಯೂಟರ್ ನೋಡಿದ್ರಾ?" ಎಂದಳು ಪಾರ್ವತಿ.

ನೋಡಿರಲಿಲ್ಲ.

ಮರುದಿನ ಕಂಪ್ಯೂಟರನ್ನೇ ತೊಡೆಯ ಮೇಲೆ ಕೂರಿಸಿಕೊಂಡು ಮತ್ತೆ ಬಸ್ಸಿನಲ್ಲಿ ನಂಜನಗೂಡಿಗೆ ಹೋದೆ. ಅಂಗಡಿಯವರನ್ನು ಕಾಡಿ ಬೇಡಿ, ಕೊಂಡದ್ದನ್ನು ಹಿಂತಿರುಗಿಸಿ ಸಾಟಾ ಹಾಕಿಸಿದೆ. ಹಳೇ ಫೈಲುಗಳನ್ನೂ ಅವರೇ ತುಂಬಿಕೊಟ್ಟರು. ಊರಿಗೆ ಬಂದು ಗುಂಡಿ ಒತ್ತಿದರೆ, ನಾನು ಕನ್ನಡಕ ಹಾಕಿಕೊಳ್ಳುವಷ್ಟರಲ್ಲಿ ಪರದೆ ಬೆಳಗಿತು! ಆ ಕ್ಷಣದ ನನ್ನ ಗತ್ತನ್ನು ಈಗ ನೆನೆಯಲೂ ಸಂಕೋಚವಾಗುತ್ತದೆ.

ಅದೇ ವಾರ ಪಾರ್ವತಿ ತಂಗಿಯ ಮೊಮ್ಮಗನ ನಾಮಕರಣಕ್ಕೆಂದು ಮುಡುಕುತೊರೆಗೆ ಹೋದಳು. ಅಂಗಡಿ ನನ್ನ ಕೈಗೆ ಬಂತು. ಸೋಮನಾಥಪುರದ ಶಿವಮಲ್ಲಪ್ಪ ಎಂಬ ಹಳೇ ಗಿರಾಕಿಯೂ ಬಂದರು.

"ಎರಡ್ನೇ ಮಗಳ ಲಗ್ನ ಸಾ. ದೊಡ್ಡವಳ ಪತ್ರಿಕೆ ಇಲ್ಲೇ ಮಾಡ್ಸಿದ್ದು. ಅದೇ ತರ ಮಾಡ್ಬುಡಿ. ಅಕ್ಕಾವ್ರು ಇಲ್ವಾ?"

"ಅಕ್ಕಾವ್ರು ಯಾಕೆ? ಕೂತ್ಕೊಳ್ಳಿ. ಬೇಡ, ನಿಂತೇ ಇರಿ!"

ಹಳೇ ಫೈಲ್ ತೆರೆದೆ. ಹುಡುಗಿ, ಹುಡುಗ, ಮುಹೂರ್ತ, ಛತ್ರ, ಇಷ್ಟನ್ನು ಬದಲಿಸಿದೆ. ಅವರು ಟವಲಿನಿಂದ ಮುಖ ಒರೆಸಿಕೊಂಡು ಮುಗಿಸುವ ಮೊದಲೇ ನಮೂನೆ ಅವರ ಕೈಯಲ್ಲಿತ್ತು. "ಸರಿಯಾಗಿದೆಯಲ್ಲ?" ಎಂದು ಗದರಿದ ಹಾಗೆ ಕೇಳಿದೆ. ಮೇಷ್ಟ್ರು ಹಾಗೆ ಕೇಳಿದರೆ ಇಲ್ಲವೆನ್ನುವ ಧೈರ್ಯ ಯಾರಿಗಿದೆ? ಪತ್ರಿಕೆಗಳು ಅವತ್ತೇ ಅಚ್ಚಾದವು.

ಪಾರ್ವತಿ ಊರಿಂದ ಬಂದ ದಿನವೇ ಶಿವಮಲ್ಲಪ್ಪನವರೂ ಮತ್ತೆ ಬಂದರು. ಈ ಸಲ ಹೇಳದೆಯೇ ಕುಳಿತರು.

"ನಮ್ಮಣ್ಣನ ಎಸ್ರೇ ಇಲ್ವಲ್ಲಾ ಸಾ."

ಅವರ ಅಣ್ಣ ಬಸಪ್ಪ ಇರುವುದು ಹೆಡತಲೆ ಎಂಬ ಊರಿನಲ್ಲಿ. ದೊಡ್ಡ ಮಗಳ ಮದುವೆಯ ಹೊತ್ತಿಗೆ ಬದುವಿನ ಜಗಳವಾಗಿ ಅಣ್ಣತಮ್ಮಂದಿರಲ್ಲಿ ಮಾತಿರಲಿಲ್ಲ. ಹಾಗಾಗಿ ಆ ಪತ್ರಿಕೆಯಲ್ಲಿ ಅಣ್ಣನ ಹೆಸರೂ ಇರಲಿಲ್ಲ. ಈಗ ಒಂದಾಗಿದ್ದರು. ದೊಡ್ಡಪ್ಪನೇ ಮುಂದೆ ನಿಂತು ಮದುವೆ ಮಾಡಿಸಬೇಕೆಂದು ಹುಡುಗಿಯ ಆಸೆ. ಮೊದಲ ಪತ್ರಿಕೆ ಅವರಿಗೇ ಕೊಟ್ಟಿದ್ದರು.

"ಕನ್ನಡ್ಕ ಆಕ್ಕೊಂಡು ಪೂರಾ ಓದ್ದ. ಎಸ್ರು ಇಂದ್ಗಡೆ ಏನಾರ ಐತಾ ಅಂತ ತಿರುಗ್ಸೂ ನೋಡ್ದ. ಮಡಿಸಿ ನನ್ ಕೈಗೇ ಕೊಟ್ಬುಟ್ಟ. ಮಗಳು ಅಳ್ತಾ ಕುಂತವ್ಳೆ."

ನಾನೂ ಆ ಪತ್ರಿಕೆ ಇಸಿದುಕೊಂಡು ತಿರುಗಿಸಿ ನೋಡಿದೆ.

"ಕಂಪ್ಯೂಟರ್ ಏಳೋವರೆಗೆ ನಾನೇನು ಹರಟೆ ಹೊಡೀತಿದ್ದೆ ಅಂದ್ಕೊಂಡ್ರಾ?" ಎಂದಳು ಪಾರ್ವತಿ. "ಒಂದೊಂದೇ ಹೆಸರು ಹೇಳಿಸ್ತಿದ್ದೆ. ಮನಸ್ತಾಪ ಆಗಿದ್ದವರ ಹೆಸರು ತಡವಾಗೇ ಬಾಯಿಗೆ ಬರೋದು ಕಣ್ರೀ."

ಆ ಹೆಸರು ಬಾಯಿಗೆ ಬರುವಷ್ಟು ಪುರುಸೊತ್ತನ್ನು ನಾನು ಕೊಟ್ಟಿರಲೇ ಇಲ್ಲ.

ಶಿವಮಲ್ಲಪ್ಪನವರನ್ನು ಕರೆದುಕೊಂಡು ಹೆಡತಲೆಗೆ ಹೋದೆ. ಬಸಪ್ಪನವರು ಜಗಲಿಯ ಮೇಲೆ ಕುಳಿತಿದ್ದರು. ತಮ್ಮನ ಮುಖ ನೋಡಲಿಲ್ಲ. ನಾನು ಹಾರ್ಡ್ ಡಿಸ್ಕಿನಿಂದ ಹಿಡಿದು ಸಾಟಾ, ಎನ್‌ವಿಎಂಇವರೆಗೆ ಸವಿಸ್ತಾರವಾಗಿ ನಿವೇದಿಸಿದೆ. ಅವರು ತಾಳ್ಮೆಯಿಂದ ಕೇಳಿದರು.

"ಅಂದ್ರೆ ಆ ಡಿಸ್ಕು ನನ್ನೆಸ್ರು ಬುಟ್ಬುಡ್ತಾ ಮೇಷ್ಟ್ರೇ?"

"ಇಲ್ಲ ಬಸಪ್ಪನವರೇ, ಬಿಟ್ಟಿದ್ದು ನಾನು. ನಿಮ್ಮ ತಮ್ಮನನ್ನ ಕೂರೋಕೂ ಬಿಡಲಿಲ್ಲ."

ಬಸಪ್ಪನವರು ಆಗ ತಮ್ಮನ ಕಡೆ ತಿರುಗಿದರು. "ಮಗಳ ಲಗ್ನಪತ್ರಿಕೆಯ ನಿಂತ್ಕಂಡೇ ಮಾಡ್ಸ್‌ಬುಟ್ಯೇನ್ಲಾ?"

ಶಿವಮಲ್ಲಪ್ಪ ತಲೆ ತಗ್ಗಿಸಿದರು. ಹಿರಿಯರ ಮೀಸೆಯಡಿ ನಗು ಕಾಣಿಸಿತು.

"ನಾಳೀಕೆ ಕುಂತ್ಕಂಡು ಮಾಡ್ಸವ. ನಾನೂ ಬತ್ತೀನಿ ನಡಿ."

ಬಂದರು, ಕೂತರು, ಟೀ ಕುಡಿದರು. ಹೊಸ ಪತ್ರಿಕೆಯಲ್ಲಿ ಅವರ ಹೆಸರೇ ಮೊದಲು. ಮದುವೆಯಲ್ಲಿ ಅವರೇ ನನ್ನನ್ನು ಕೈಹಿಡಿದು ಊಟದ ಎಲೆಯ ಮುಂದೆ ಕೂರಿಸಿ, "ಇವ್ರಿಗೆ ನಿಧಾನಕ್ಕೆ ಬಡಿಸ್ರಪ್ಪಾ!" ಎಂದು ಕೂಗಿ ಹೇಳಿದರು.

ಅಂಗಡಿಯಲ್ಲೀಗ ಹೊಸ ಪದ್ಧತಿ ಜಾರಿಯಲ್ಲಿದೆ. ಗಿರಾಕಿ ಬಂದರೆ ನಾನು ಟೀ ತರಬೇಕು. ಆಮೇಲೆ ಅವರ ಎದುರು ಕೂತು ಪ್ರತಿ ಹೆಸರನ್ನೂ ಬೆರಳಿಟ್ಟು ಗಟ್ಟಿಯಾಗಿ ಓದಿ, "ಇನ್ಯಾರಾದರೂ ಇದ್ದಾರಾ?" ಎಂದು ಕೇಳಿ, ಸುಮ್ಮನೆ ಕಾಯಬೇಕು. ಅಲ್ಲಿಯವರೆಗೆ ಕಂಪ್ಯೂಟರ್ ಮುಟ್ಟುವಂತಿಲ್ಲ.

ಮೊನ್ನೆ ಒಬ್ಬರು ಕೇಳಿದರು: "ಒಸಾ ಡಿಸ್ಕ್ ಆಕ್ಸಿದ್ರಂತೆ? ಮತ್ಯಾಕಕ್ಕಾ ಇಷ್ಟೊತ್ತು?"

ಪಾರ್ವತಿ ಮೂಲೆಯಲ್ಲಿ ಕನ್ನಡಕ ಹುಡುಕುತ್ತಿದ್ದ ನನ್ನ ಕಡೆ ಕೈ ತೋರಿಸಿದಳು.

"ಕಂಪ್ಯೂಟರಿಗೆ ಹೊಸದು ಹಾಕ್ಸಿದೀವಿ. ಇವರದು ಹಳೇದೇ. ಗುಂಡಿ ಒತ್ತಿದೀನಿ, ಇರಿ, ಏಳ್ತಾರೆ."